ಓಪಿಡಿ ಬೆಂಚಿನಲ್ಲಿ ಮೂರು ಸೋಮವಾರ

2005ರ ಜೂನ್ ತಿಂಗಳಲ್ಲಿ ನಾನು ಮೂರು ಸೋಮವಾರ ಮಂಗಳೂರಿನ ಆಸ್ಪತ್ರೆಗಳ ಓಪಿಡಿ, ಅಂದರೆ ಹೊರರೋಗಿ ವಿಭಾಗದ ಬೆಂಚಿನಲ್ಲಿ ಕೂತಿದ್ದೆ. ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಸಿಇಟಿ ಮುಗಿದಿತ್ತು. ಮೆಡಿಕಲ್ ಸೀಟು ಸಿಗುವಷ್ಟು ರ್ಯಾಂಕ್ ಬಂದಿತ್ತು. ಯಾವ ಕಾಲೇಜು ಅಂತ ಮಾತ್ರ ಗೊತ್ತಿರಲಿಲ್ಲ.

ಈ ಉಪಾಯ ನನ್ನದಲ್ಲ, ಚಿಕ್ಕಮ್ಮನದು. ಅವರು ಉಡುಪಿಯ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಕಾರ್ಕಳದ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ಅಪ್ಪ, ಅಣ್ಣ, ನಾನು ಕಾಲೇಜುಗಳ ಪ್ರಾಸ್ಪೆಕ್ಟಸ್ ಹರಡಿಕೊಂಡು ಕೂತಿದ್ದೆವು. ಚಿಕ್ಕಮ್ಮ ಚಹಾ ಕುಡಿಯುತ್ತಾ ಒಂದೊಂದನ್ನೇ ತಿರುವಿ ಹಾಕಿದರು. “ಕಟ್ಟಡ ಉಂಟು, ಲೈಬ್ರರಿ ಉಂಟು, ಟೆನಿಸ್ ಕೋರ್ಟೂ ಉಂಟು. ಪೇಷಂಟ್ ಎಲ್ಲಿ ಮಾರಾಯ್ತಿ?” ಅಂದರು. ನಿಜವಾಗಿಯೂ ಅಷ್ಟು ಫೋಟೋಗಳಲ್ಲಿ ಒಬ್ಬ ರೋಗಿಯೂ ಇರಲಿಲ್ಲ.

ಮರುವಾರ ಅವರು ಹೇಳಿದ ಹಾಗೆ ಮಾಡಿದೆ. ಬೆಳಿಗ್ಗೆ ಆರರ ಬಸ್ಸಿಗೆ ಹೊರಟು ಮೂಡುಬಿದಿರೆ ಮೇಲಿಂದ ಮಂಗಳೂರು. ಕಾಲೇಜಿನ ಆಫೀಸಿಗೆ ಕಾಲಿಡಬಾರದು, ಆಸ್ಪತ್ರೆಗೆ ಮಾತ್ರ ಹೋಗಬೇಕು ಅನ್ನುವುದು ಅವರ ಷರತ್ತು. ಸೋಮವಾರವೇ ಯಾಕೆ ಅಂದರೆ, ಭಾನುವಾರ ಮನೆಯಲ್ಲಿ ನರಳಿದವರೆಲ್ಲ ಸೋಮವಾರ ಬರುತ್ತಾರೆ. ಅವತ್ತೂ ಓಪಿಡಿ ಖಾಲಿ ಇದ್ದರೆ ಆ ಆಸ್ಪತ್ರೆಯಲ್ಲಿ ಕಲಿಯುವುದಕ್ಕೆ ಏನೂ ಇಲ್ಲ.

ಮೊದಲು ಹೋದದ್ದು ವೆನ್ಲಾಕ್‌ಗೆ. ಹಂಪನಕಟ್ಟೆಯ ಈ ಸರ್ಕಾರಿ ಆಸ್ಪತ್ರೆ 1848ರಷ್ಟು ಹಳೆಯದು. ಮದ್ರಾಸಿನ ಗವರ್ನರ್ ಆಗಿದ್ದವರ ಹೆಸರು ಇನ್ನೂ ಉಳಿದುಕೊಂಡಿದೆ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) ಶುರು ಮಾಡಿದಾಗ ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ. ರೋಗಿಗಳು ಮಂಗಳೂರಿನಲ್ಲಿದ್ದರು. ಹಾಗಾಗಿ ಹುಡುಗರು ವೆನ್ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳಿಗೆ ಬಂದರು. ಆ ಏರ್ಪಾಡು ಇವತ್ತಿಗೂ ನಡೆಯುತ್ತಿದೆ. ಖಾಸಗಿ ಕಾಲೇಜಿನ ವಿದ್ಯಾರ್ಥಿಗಳು, ಸರ್ಕಾರಿ ಆಸ್ಪತ್ರೆಯ ರೋಗಿಗಳು. ಚಿಕ್ಕಮ್ಮ ನನ್ನನ್ನು ಮೊದಲು ಅಲ್ಲಿಗೆ ಕಳಿಸಿದ್ದು ಸೇರಲಿ ಅಂತ ಅಲ್ಲ. ಆ ಕಾಲೇಜಿನ ಪ್ರವೇಶ ಪರೀಕ್ಷೆಯೂ ಆಗ ಬೇರೆ, ಫೀಸೂ ಬೇರೆ, ಅದು ನಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ. “ತುಂಬಿದ ಆಸ್ಪತ್ರೆ ಹೇಗಿರುತ್ತದೆ ಅಂತ ಒಮ್ಮೆ ಕಣ್ಣಿಗೆ ಬೀಳಲಿ. ಆಮೇಲೆ ಬೇರೆಯದನ್ನು ಅಳೆಯುವುದಕ್ಕೆ ಬರುತ್ತದೆ” ಅಂದಿದ್ದರು.

ಕಣ್ಣಿಗೆ ಬಿತ್ತು. ಮಳೆಗೆ ತೊಯ್ದ ಕೊಡೆಗಳ ರಾಶಿ, ನೆಲದ ಮೇಲೆ ಕೂತ ಮುದುಕಿಯರು, ಉತ್ತರ ಕನ್ನಡದಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಒಂದು ಕುಟುಂಬ, ಕಾಸರಗೋಡಿನಿಂದ ರೈಲಿನಲ್ಲಿ ಬಂದ ಇನ್ನೊಂದು. ಹತ್ತು ಹೆಜ್ಜೆಯೊಳಗೆ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಘಟ್ಟದ ಮೇಲಿನ ಕನ್ನಡ ಎಲ್ಲ ಕೇಳಿತು.

ಎರಡನೆಯ ಸೋಮವಾರ ಒಂದು ಖಾಸಗಿ ಕಾಲೇಜಿನ ಆಸ್ಪತ್ರೆ. ಹೆಸರು ಬೇಡ. ನೆಲ ಎಷ್ಟು ಫಳಫಳ ಅಂದರೆ ಚಪ್ಪಲಿ ಬಿಚ್ಚಬೇಕು ಅನ್ನಿಸಿತು. ಯಾರೋ ಸಂಬಂಧಿಕರನ್ನು ಹುಡುಕುವವಳ ಹಾಗೆ ವಾರ್ಡಿನ ಬಾಗಿಲಲ್ಲಿ ಇಣುಕಿದೆ. ಸಾಲಾಗಿ ಮಂಚ, ಮಂಚದ ಮೇಲೆ ಮಡಿಕೆ ಮುರಿಯದ ಬಿಳಿ ಚಾದರ. ನಾಲ್ಕೈದು ಜನ ಮಲಗಿದ್ದರು. ಅವರಲ್ಲಿ ಒಬ್ಬರ ಮಂಚದ ಕೆಳಗೂ ಬಿಸಿನೀರಿನ ಫ್ಲಾಸ್ಕ್ ಇರಲಿಲ್ಲ, ಬಟ್ಟೆಯ ಚೀಲ ಇರಲಿಲ್ಲ. ನಿಜವಾಗಿ ಅಡ್ಮಿಟ್ ಆದವರ ಮಂಚದ ಕೆಳಗೆ ಒಂದು ಸಂಸಾರವೇ ಇರುತ್ತದೆ ಅಲ್ವಾ? ಮನೆಗೆ ಬಂದು ಇದನ್ನು ಹೇಳಿದಾಗ ಚಿಕ್ಕಮ್ಮ ನಕ್ಕರು, ಆದರೆ ಏನೂ ಹೇಳಲಿಲ್ಲ. ಮೆಡಿಕಲ್ ಕಾಲೇಜಿಗೆ ಇನ್‌ಸ್ಪೆಕ್ಷನ್ ಅನ್ನುವುದೊಂದು ಇರುತ್ತದೆ, ಮಂಚ ಎಷ್ಟು ತುಂಬಿದೆ ಅಂತ ಎಣಿಸುತ್ತಾರೆ ಅನ್ನುವುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಮೂರನೆಯ ಸೋಮವಾರ ಸಿಕ್ಕಿಬಿದ್ದೆ.

ಅದೂ ಒಂದು ಖಾಸಗಿ ಕಾಲೇಜೇ. ಬೆಂಚಿನಲ್ಲಿ ಕೂತು ಒಂದು ಗಂಟೆಯಾಗಿತ್ತು. ಯಾರು ಎಷ್ಟು ಹೊತ್ತು ಒಳಗಿರುತ್ತಾರೆ ಅಂತ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದೆ. ವಾಚ್‌ಮ್ಯಾನ್ ಬಂದು “ಎಂತ ಆಗಿದೆ ನಿಮಗೆ?” ಅಂತ ಕೇಳಿದರು. ಗಾಬರಿಯಲ್ಲಿ “ತಲೆನೋವು” ಅಂದುಬಿಟ್ಟೆ. ಪಾಪ, ಒಳ್ಳೆಯ ಮನುಷ್ಯ. ಅವರೇ ಚೀಟಿ ಮಾಡಿಸಿಕೊಟ್ಟರು, ಸಾಲಿನಲ್ಲಿ ನಿಲ್ಲಿಸಿದರು. ಅಲ್ಲಿಂದ ಓಡಿಹೋಗುವ ಧೈರ್ಯ ನನಗೆ ಬರಲಿಲ್ಲ.

ಒಳಗೆ ನನ್ನನ್ನು ನೋಡಿದ್ದು ಒಬ್ಬರು ಹೌಸ್ ಸರ್ಜನ್, ಅಂದರೆ ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವ ಡಾಕ್ಟರು. ನನಗಿಂತ ಐದಾರು ವರ್ಷ ದೊಡ್ಡವರು ಇರಬೇಕು. ನೋವು ಒಂದೇ ಕಡೆಯೋ, ಎರಡೂ ಕಡೆಯೋ? ಬೆಳಿಗ್ಗೆ ಜಾಸ್ತಿಯೋ, ಸಂಜೆಯೋ? ಬೆಳಕು ಕಂಡರೆ ಹೆಚ್ಚಾಗುತ್ತದಾ? ವಾಂತಿ ಬರುತ್ತದಾ? ಮನೆಯಲ್ಲಿ ಯಾರಿಗಾದರೂ ಉಂಟಾ? ನಾನು ಒಂದೊಂದು ಸುಳ್ಳಿಗೂ ಬೆವರುತ್ತಿದ್ದೆ. ಬಿಪಿ ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ಕುತ್ತಿಗೆ ಬಗ್ಗಿಸಿ ನೋಡಿದರು. ಆಮೇಲೆ ಹಿರಿಯ ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಸಿದರು. ಹಿರಿಯರು ಕೇಳಿದ್ದು ಒಂದೇ: “ಅವಳಿಗೆ ನಿದ್ದೆ ಹೇಗೆ ಅಂತ ಕೇಳಿದ್ಯಾ?” ಕೇಳಿರಲಿಲ್ಲ. ಅವರನ್ನು ಮತ್ತೆ ನನ್ನ ಹತ್ತಿರ ಕಳಿಸಿದರು. ಎರಡು ನಿಮಿಷದ ತಲೆನೋವಿಗೆ ಅಲ್ಲಿ ಇಪ್ಪತ್ತು ನಿಮಿಷ ಕೊಟ್ಟರು. ನನಗೆ ನಾಲ್ಕು ಪ್ಯಾರಾಸಿಟಮಾಲ್ ಸಿಕ್ಕಿತು.

ಬಸ್ಸಿನಲ್ಲಿ ಬರುವಾಗಲೇ ತೀರ್ಮಾನ ಆಗಿತ್ತು. ಆ ಕಾಲೇಜಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಜಾಹೀರಾತು ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾನು ಕಂಡದ್ದು ಇಪ್ಪತ್ತು ವರ್ಷ ಹಿಂದಿನ ಒಂದು ಸೋಮವಾರ. ಆ ಹಿರಿಯ ಡಾಕ್ಟರು ನಿವೃತ್ತರಾಗಿ ಎಷ್ಟೋ ವರ್ಷ ಆಯಿತು.

ಮನೆಯಲ್ಲಿ ಮಾತ್ರ ತೀರ್ಮಾನ ಅಷ್ಟು ಸುಲಭ ಇರಲಿಲ್ಲ. ಉಡುಪಿ, ದಕ್ಷಿಣ ಕನ್ನಡ ಎರಡರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇರಲಿಲ್ಲ. ಇಷ್ಟೊಂದು ಮೆಡಿಕಲ್ ಕಾಲೇಜು ಇರುವ ಕರಾವಳಿಯಲ್ಲಿ ಆಗ ಒಂದೂ ಸರ್ಕಾರದ್ದಾಗಿರಲಿಲ್ಲ ಅಂದರೆ ಹೊರಗಿನವರು ನಂಬುವುದಿಲ್ಲ. ಕಡಿಮೆ ಫೀಸು ಬೇಕಾದರೆ ಘಟ್ಟ ಹತ್ತಬೇಕು. ನನ್ನ ರ್ಯಾಂಕಿಗೆ ಬಳ್ಳಾರಿ ಸಿಗುವ ಹಾಗಿತ್ತು. ಅಲ್ಲಿಯ ಫೀಸು ಅಪ್ಪನ ಅಡಿಕೆಯಲ್ಲಿ ಸಲೀಸಾಗಿ ಹೋಗುತ್ತಿತ್ತು. ಮಂಗಳೂರಿನ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟೇ ಸಿಕ್ಕಿದರೂ ಫೀಸು ಅದಕ್ಕಿಂತ ಬಹಳ ಜಾಸ್ತಿ. ಸೊಸೈಟಿಯಲ್ಲಿ ಸಾಲ ಎತ್ತಬೇಕಾಗುತ್ತಿತ್ತು. ಅಣ್ಣ ಬಳ್ಳಾರಿಯ ಪರ. ಅವನ ಲೆಕ್ಕ ತಪ್ಪೇನಲ್ಲ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಕಲಿತ ಮೇಲೆ ಎಲ್ಲಿ ಕೂರುತ್ತಿ?” ನಾನು “ಇಲ್ಲೇ” ಅಂದೆ. “ಹಾಗಾದರೆ ಇಲ್ಲಿಯ ಜನರನ್ನೇ ಮುಟ್ಟಿ ಕಲಿ” ಅಂದರು. ಸಾಲ ಎತ್ತಿದರು. ಅದು ತೀರಿದ್ದು ನಾನು ಕ್ಲಿನಿಕ್ ಹಾಕಿ ಮೂರನೆಯ ವರ್ಷಕ್ಕೆ.

ಕೌನ್ಸೆಲಿಂಗ್ ಆಗ ಬೆಂಗಳೂರಿನಲ್ಲಿ. ಮಳೆಯಲ್ಲಿ ರಾತ್ರಿ ಬಸ್ಸು, ಘಟ್ಟದಲ್ಲಿ ಒಂದು ಗಂಟೆ ನಿಂತದ್ದು, ದೊಡ್ಡ ಪರದೆಯ ಮೇಲೆ ಸೀಟಿನ ಸಂಖ್ಯೆ ಒಂದೊಂದಾಗಿ ಇಳಿಯುವಾಗ ಎದೆ ಡವಡವ ಅಂದದ್ದು, ಎಲ್ಲ ನೆನಪಿದೆ. ಈಗಿನ ಮಕ್ಕಳು ಮನೆಯಲ್ಲೇ ಮೊಬೈಲಿನಲ್ಲಿ ಆಪ್ಷನ್ ಎಂಟ್ರಿ ಮಾಡುತ್ತಾರೆ, ಅದನ್ನು ಹೇಳಿ ಪ್ರಯೋಜನ ಇಲ್ಲ.

ಅಪ್ಪನ ಮಾತಿನ ತೂಕ ಗೊತ್ತಾದದ್ದು ಎರಡನೆಯ ವರ್ಷ ವಾರ್ಡಿಗೆ ಕಾಲಿಟ್ಟಾಗ. ನಮ್ಮ ಬ್ಯಾಚಿನಲ್ಲಿ ದೆಹಲಿಯವರು, ಕೇರಳದವರು, ಬೆಂಗಳೂರಿನವರು ಎಲ್ಲ ಇದ್ದರು. ನನಗಿಂತ ಬುದ್ಧಿವಂತರೇ ಜಾಸ್ತಿ. ಆದರೆ ಮಂಚದ ಪಕ್ಕ ನಿಂತು ಏನಾಯಿತು ಅಂತ ತುಳುವಿನಲ್ಲಿ “ದಾನೆ ಆಂಡ್ ಅಜ್ಜಿ?” ಎಂದು ಕೇಳಲು ಬರುತ್ತಿದ್ದದ್ದು ಎಂಟು ಹತ್ತು ಜನರಿಗೆ. ಅಜ್ಜಿ “ತರೆ ತಿರ್ಗುಂಡು” ಅನ್ನುತ್ತಾರೆ. ತಲೆ ತಿರುಗುತ್ತದೆ ಅಂತ ಅದರ ಅರ್ಥ ಯಾರಾದರೂ ಹೇಳಿಕೊಡಬಹುದು. ಆದರೆ ಕೋಣೆಯೇ ಸುತ್ತಿದ ಹಾಗೆ ತಿರುಗುವುದೋ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದೋ, ಅಥವಾ ಸೊಸೆಯ ಮೇಲಿನ ಸಿಟ್ಟೋ ಅಂತ ತಿಳಿಯಲು ಇನ್ನೂ ಹತ್ತು ಮಾತು ಆಡಬೇಕು. ಮೊದಲನೆಯದಾದರೆ ಕಿವಿ ನೋಡಬೇಕು. ಎರಡನೆಯದಾದರೆ ಬಿಪಿ, ರಕ್ತ. ಆ ಹತ್ತು ಮಾತಿನಲ್ಲೇ ಅರ್ಧ ರೋಗ ಗೊತ್ತಾಗಿಬಿಡುತ್ತದೆ. ಪರೀಕ್ಷೆಗೆ ಲಾಂಗ್ ಕೇಸ್, ಅಂದರೆ ವಿವರವಾಗಿ ನೋಡಿ ಒಪ್ಪಿಸಬೇಕಾದ ರೋಗಿಯನ್ನು, ಹಂಚುವಾಗ ಗೆಳೆಯರು ನನ್ನ ಹಿಂದೆ ಬೀಳುತ್ತಿದ್ದರು, ಒಂದು ಸಲ ಭಾಷಾಂತರ ಮಾಡಿಕೊಡು ಅಂತ. ಅವರಲ್ಲಿ ಕೆಲವರು ಆಮೇಲೆ ನನಗಿಂತ ಚೆನ್ನಾಗಿ ತುಳು ಕಲಿತರು ಅನ್ನುವುದೂ ನಿಜ. ಲಕ್ನೋದ ಒಬ್ಬ ಹುಡುಗ ಬ್ಯಾರಿ ಭಾಷೆಯಲ್ಲಿ ಜೋಕ್ ಹೊಡೆಯುತ್ತಿದ್ದ.

ಊರಿನ ರೋಗಗಳೂ ಹಾಗೆಯೇ. ಪುಸ್ತಕದಲ್ಲಿ ಎಲ್ಲ ರೋಗಕ್ಕೂ ಸಮಾನ ಪುಟ. ವಾರ್ಡಿನಲ್ಲಿ ಹಾಗಲ್ಲ. ನಾನು ಓದುವಾಗ ಮಂಗಳೂರಿನಲ್ಲಿ ಮಲೇರಿಯಾ ಎಷ್ಟಿತ್ತು ಅಂದರೆ, ಜ್ವರ ಅಂದ ಕೂಡಲೇ ರಕ್ತದ ಸ್ಮಿಯರ್ ಮಾಡುವುದು ಕೈಗೆ ಅಭ್ಯಾಸವಾಗಿತ್ತು. ಹೆಚ್ಚಿನದು ವೈವ್ಯಾಕ್ಸ್ ಅನ್ನುವ ಬಗೆಯದು. ಮೂರು ದಿನ ಕ್ಲೋರೋಕ್ವಿನ್ ತಿಂದರೆ ಜ್ವರ ಬಿಡುತ್ತದೆ. ಆದರೆ ಲಿವರ್‌ನಲ್ಲಿ ಅಡಗಿ ಕೂತದ್ದು ಹೋಗಬೇಕಾದರೆ ಹದಿನಾಲ್ಕು ದಿನ ಪ್ರಿಮಾಕ್ವಿನ್ ನುಂಗಬೇಕು. ಜ್ವರ ಬಿಟ್ಟವನು ಹದಿನಾಲ್ಕು ದಿನ ಮಾತ್ರೆ ನುಂಗುತ್ತಾನಾ? ಕಟ್ಟಡ ಕೆಲಸಕ್ಕೆ ಹೋಗಿಬಿಡುತ್ತಾನೆ, ತಿಂಗಳು ಕಳೆದು ಅದೇ ಚಳಿಯಲ್ಲಿ ನಡುಗುತ್ತಾ ವಾಪಸ್ ಬರುತ್ತಾನೆ. ಮಾತ್ರೆ ಬರೆಯುವುದಕ್ಕಿಂತ ನುಂಗಿಸುವುದು ಕಷ್ಟ ಅಂತ ನಾನು ಕಲಿತದ್ದು ಹೀಗೆ ವಾಪಸ್ ಬಂದವರಿಂದ.

ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಇಲಿಜ್ವರ. ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಕಿರುಚುತ್ತಾರೆ. ಆ ಕಾಲು ಒಮ್ಮೆ ಒತ್ತಿ ನೋಡಿದವರು ಮತ್ತೆ ಮರೆಯುವುದಿಲ್ಲ. ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು. ವರ್ಷಗಟ್ಟಲೆ ಬೀಡಿ ಕಟ್ಟಿ ಕೆಮ್ಮುವ ಹೆಂಗಸರು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿ ಬಾಯಿ ತೆರೆಯಲಾಗದವರು. ಸರ್ಪಸುತ್ತು ಅಂತ ಮೊದಲು ಮಂತ್ರ ಹಾಕಿಸಿ, ಗುಳ್ಳೆಗೆ ಸೊಪ್ಪಿನ ರಸ ಹಚ್ಚಿ, ಐದನೆಯ ದಿನ ನಮ್ಮ ಹತ್ತಿರ ಬಂದವರು. ವೈರಸ್ಸಿನ ಮಾತ್ರೆ ಮೊದಲ ಮೂರು ದಿನದಲ್ಲಿ ಶುರು ಮಾಡಿದರೆ ಹೆಚ್ಚು ಉಪಯೋಗ. ಹಾಗಾಗಿ ನಾನು ಇವತ್ತೂ ಮಂತ್ರ ಬೇಡ ಅನ್ನುವುದಿಲ್ಲ. “ಮೊದಲು ಇಲ್ಲಿ ಬನ್ನಿ, ಆಮೇಲೆ ಅಲ್ಲಿ ಹೋಗಿ” ಅನ್ನುತ್ತೇನೆ. ಇದು ಯಾವ ಪಾಠದಲ್ಲೂ ಇರಲಿಲ್ಲ. ಒಬ್ಬ ಪ್ರೊಫೆಸರ್ ರೌಂಡ್ಸ್‌ನಲ್ಲಿ ಹಾಗೆ ಹೇಳುವುದನ್ನು ಕೇಳಿಸಿಕೊಂಡೆ, ಅಷ್ಟೆ.

ಕನ್ನಡಿ ಹಾವು, ಅಂದರೆ ಕೊಳಕುಮಂಡಲ, ಕಚ್ಚಿದವರು ಬಂದರೆ ಹೌಸ್ ಸರ್ಜನ್ ಮಾಡುವ ಮೊದಲ ಕೆಲಸಗಳಲ್ಲಿ ಒಂದು ಬಹಳ ಸರಳ. ಒಣಗಿದ ಗಾಜಿನ ಟ್ಯೂಬಿಗೆ ಎರಡು ಎಂಎಲ್ ರಕ್ತ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಡಬೇಕು. ಆಮೇಲೆ ಓರೆ ಮಾಡಿದಾಗ ನೀರಿನ ಹಾಗೆ ಹರಿದರೆ ವಿಷ ಏರಿದೆ, ಆಂಟಿವೆನಮ್ ಬೇಕು. ಆ ಇಪ್ಪತ್ತು ನಿಮಿಷ ಟ್ಯೂಬನ್ನೇ ನೋಡುತ್ತಾ ಕೂತ ರಾತ್ರಿಗಳಲ್ಲಿ, ಬಳ್ಳಾರಿಗೆ ಹೋಗದೆ ಒಳ್ಳೆಯದು ಮಾಡಿದೆ ಅನ್ನಿಸುತ್ತಿತ್ತು. ಅಲ್ಲಿ ಹಾವಿಲ್ಲ ಅಂತಲ್ಲ. ಇಲ್ಲಿ ಕಚ್ಚಿಸಿಕೊಂಡವರು ನಮ್ಮ ಆಚೆಮನೆಯವರ ಹಾಗಿದ್ದರು.

ಹಾಗಂತ ನನ್ನ ಲೆಕ್ಕವೆಲ್ಲ ಸರಿಯಾಗಿತ್ತು ಅಂತ ತಿಳಿಯಬೇಡಿ.

ಮೂರು ಸೋಮವಾರ ಕೂತೆ, ಸರಿ. ಕೂತದ್ದು ಬೆಳಿಗ್ಗೆ, ಓಪಿಡಿಯಲ್ಲಿ. ರಾತ್ರಿ ಕ್ಯಾಶುವಾಲ್ಟಿ ಹೇಗಿರುತ್ತದೆ ಅಂತ ನೋಡಲೇ ಇಲ್ಲ. ಲೇಬರ್ ರೂಮಿನ ಹೊರಗಿನ ಬೆಂಚಿನಲ್ಲಿ ಕೂರಲೇ ಇಲ್ಲ. ಕೂತಿದ್ದರೆ ಒಂದು ವಿಷಯ ಗೊತ್ತಾಗುತ್ತಿತ್ತು. ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದವರು ದುಡ್ಡು ಕೊಟ್ಟು ಬಂದವರು. ಅವರಿಗೆ ದೊಡ್ಡ ಡಾಕ್ಟರೇ ಬೇಕು. ಅದು ತಪ್ಪೂ ಅಲ್ಲ. ಪಿಜಿಗಳು, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುವವರು, ಇರುತ್ತಾರೆ, ಅವರಿಗೂ ಕೈ ಪಳಗಬೇಕು. ನಾವು ಮೂರನೆಯ ಸಾಲಿನಲ್ಲಿ ಪಾದದ ತುದಿಯ ಮೇಲೆ ನಿಂತು ನೋಡುವವರು. ಹೌಸ್ ಸರ್ಜನ್ಸಿಯ ಅರ್ಧ ಮುಗಿಯುವವರೆಗೆ ನಾನು ನನ್ನ ಕೈಯಾರೆ ಹಿಡಿದ ಮಕ್ಕಳು ಬೆರಳೆಣಿಕೆಯಷ್ಟು. ಬಳ್ಳಾರಿಗೆ ಹೋದ ಪಿಯುಸಿ ಗೆಳತಿ ಫೋನಿನಲ್ಲಿ “ಲೆಕ್ಕ ಇಡುವುದು ಬಿಟ್ಟುಬಿಟ್ಟೆ ಕಣೇ” ಅಂದಾಗ ಹೊಟ್ಟೆ ಉರಿಯಿತು. ಅಣ್ಣನಿಗೆ ಇದನ್ನು ನಾನು ಇವತ್ತಿಗೂ ಹೇಳಿಲ್ಲ.

ಈ ಕೊರತೆ ತುಂಬಿಸಿಕೊಂಡದ್ದು ಊರಿನ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಸಮುದಾಯ ವೈದ್ಯಕೀಯದ ಪೋಸ್ಟಿಂಗ್ ಅಂದರೆ ಗೆಳೆಯರಿಗೆ ರಜೆ ಇದ್ದ ಹಾಗೆ, ಪಿಜಿ ಪರೀಕ್ಷೆಗೆ ಓದುವ ಸಮಯ. ನಾನು ಅಲ್ಲೇ ಉಳಿದುಕೊಂಡೆ. ಅಲ್ಲಿದ್ದ ಸಿಸ್ಟರ್ ಒಬ್ಬರು ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದು “ಡಾಕ್ಟ್ರೆ, ಬನ್ನಿ, ತಲೆ ಕಾಣುತ್ತಾ ಉಂಟು” ಅನ್ನುತ್ತಿದ್ದರು. ಅವರು ಹಿಂದೆ ನಿಂತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಎಳೆಯಬೇಡಿ, ಅದೇ ಬರುತ್ತದೆ, ಕೈ ಮಾತ್ರ ಕೊಡಿ. ನನ್ನ ಹೆರಿಗೆ ಪಾಠದ ಗುರು ಅವರೇ.

ಈಗ ಪ್ರತಿ ಮಳೆಗಾಲ ಯಾರಾದರೂ ಮಗನನ್ನೋ ಮಗಳನ್ನೋ ಕರೆದುಕೊಂಡು ಕ್ಲಿನಿಕ್ಕಿಗೆ ಬರುತ್ತಾರೆ. ನೀಟ್‌ನಲ್ಲಿ 720ಕ್ಕೆ ಇಷ್ಟು ಬಂದಿದೆ, ಯಾವ ಕಾಲೇಜು ಒಳ್ಳೆಯದು? ನಾನು ಸೇರುವಾಗಿನ ಲೆಕ್ಕ ಈಗ ನಡೆಯುವುದಿಲ್ಲ. ಆಗ ಮಂಗಳೂರಿನ ಹತ್ತಿರದ ದೇರಳಕಟ್ಟೆಯ ಎರಡು ಕಾಲೇಜುಗಳೂ, ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗಿದ್ದವು. 2008ರಲ್ಲಿ ಎರಡೂ ಡೀಮ್ಡ್ ಆದವು, ಅಂದರೆ ಸ್ವಂತ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದವು. ಕೆಎಂಸಿ ಮೊದಲೇ ಡೀಮ್ಡ್. ಅವುಗಳಿಗೆ ಈಗ ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ಸಮಿತಿಯ ಕೌನ್ಸೆಲಿಂಗ್. ಫಾದರ್ ಮುಲ್ಲರ್, ಎ.ಜೆ. ಕಾಲೇಜುಗಳಿಗೆ ನಮ್ಮ ರಾಜ್ಯದ ಪರೀಕ್ಷಾ ಪ್ರಾಧಿಕಾರ, ಕೆಇಎ. ಅರ್ಜಿ ಹಾಕುವ ಜಾಗವೇ ಬೇರೆ, ಫೀಸಿನ ಅಂತರವೂ ದೊಡ್ಡದು. ಇದು ಗೊತ್ತಿಲ್ಲದೆ ಒಂದೇ ಕಡೆ ಹೆಸರು ಹಾಕಿ ಕೂತ ಮನೆಯವರನ್ನು ನಾನು ನೋಡಿದ್ದೇನೆ. ಇನ್ನೊಂದು, ನಾನು ನೋಡಲು ಹೋದಾಗ ಇಲ್ಲಿನ ಹೆಚ್ಚಿನ ಕಾಲೇಜುಗಳು ಎಳೆಯವು. ಮುಲ್ಲರ್ ಆಸ್ಪತ್ರೆ 1880ರಲ್ಲಿ ಶುರುವಾದದ್ದು, ಆದರೆ ಕಾಲೇಜು 1999ರದ್ದು. ಎ.ಜೆ.ಯ ಮೊದಲ ಬ್ಯಾಚ್ ಆಗ ಇನ್ನೂ ಹೊರಗೇ ಬಂದಿರಲಿಲ್ಲ. ಈಗ ಎಲ್ಲ ಕಡೆ ಹತ್ತಾರು ಬ್ಯಾಚಿನ ಸೀನಿಯರ್‌ಗಳು ಸಿಗುತ್ತಾರೆ. ಕಾಲೇಜಿನವರನ್ನು ಕೇಳುವುದಕ್ಕಿಂತ ಕಳೆದ ವರ್ಷ ಹೌಸ್ ಸರ್ಜನ್ಸಿ ಮುಗಿಸಿದ ಒಬ್ಬರನ್ನು ಕೇಳುವುದು ಮೇಲು. ಕೇಳಬೇಕಾದದ್ದು ಲೈಬ್ರರಿ ಹೇಗುಂಟು ಅಂತ ಅಲ್ಲ. ನೀನು ಎಷ್ಟು ಹೆರಿಗೆ ಮಾಡಿಸಿದೆ, ಎಷ್ಟು ಹೊಲಿಗೆ ಹಾಕಿದೆ, ರಾತ್ರಿ ಡ್ಯೂಟಿಯಲ್ಲಿ ತೊಂದರೆ ಬಂದರೆ ಯಾರು ಬರುತ್ತಿದ್ದರು, ಎಷ್ಟು ಹೊತ್ತಿಗೆ ಬರುತ್ತಿದ್ದರು? ಸ್ಟೈಪೆಂಡ್ ಕೈಗೆ ಬಂತಾ? ಉತ್ತರ ಕೊಡುವ ಮೊದಲು ಅವರು ನಗುತ್ತಾರಾ ಇಲ್ಲವಾ, ಅದನ್ನೂ ನೋಡಿಕೊಳ್ಳಿ.

ಮನೆಗೆ ಹತ್ತಿರದ ಕಾಲೇಜೇ ಎಲ್ಲರಿಗೂ ಸರಿ ಅಂತಲೂ ನಾನು ಹೇಳುವುದಿಲ್ಲ. ಸರ್ಜನ್ ಆಗಬೇಕು, ದೊಡ್ಡ ಊರಿಗೆ ಹೋಗಬೇಕು ಅನ್ನುವ ಹುಡುಗಿಗೆ ಬಳ್ಳಾರಿ, ಹುಬ್ಬಳ್ಳಿಯ ಸರ್ಕಾರಿ ಸೀಟು ಸಿಕ್ಕಿದರೆ ಸುಮ್ನೆ ಹೋಗು ಅನ್ನುತ್ತೇನೆ. ಸಾಲ ಇಲ್ಲದೆ ಓದುವುದೂ ಒಂದು ಕಲಿಕೆಯೇ. ತಲೆಯ ಮೇಲೆ ದೊಡ್ಡ ಸಾಲ ಇದ್ದ ಗೆಳೆಯರು ಯಾವ ವಿಷಯದಲ್ಲಿ ಪಿಜಿ ಮಾಡಬೇಕು ಅನ್ನುವುದನ್ನು ಬ್ಯಾಂಕಿನ ಕಂತು ನೋಡಿ ತೀರ್ಮಾನಿಸಿದ್ದಾರೆ.

ಕಳೆದ ವರ್ಷ ಆಚೆಮನೆಯ ಹುಡುಗನಿಗೆ ಇದನ್ನೆಲ್ಲ ಹೇಳಿ, ಪಟ್ಟಿಯಲ್ಲಿ ಮೊದಲಿದ್ದ ಎರಡು ಕಾಲೇಜುಗಳ ಆಸ್ಪತ್ರೆಗೆ ಹೋಗಿ ಕೂತು ಬಾ ಅಂದೆ. ಓಪಿಡಿ ಒಂದೇ ಸಾಲದು, ರಾತ್ರಿ ಹತ್ತು ಗಂಟೆಗೆ ಕ್ಯಾಶುವಾಲ್ಟಿಯ ಎದುರೂ ಕೂತಿರು ಅಂತ ಸೇರಿಸಿದೆ. ಅವನಿಗೆ ನಗು. “ಆಂಟಿ, ಎಲ್ಲ ಯೂಟ್ಯೂಬಿನಲ್ಲಿ ಉಂಟು. ಹಾಸ್ಟೆಲ್ ರೂಮಿನ ಒಳಗಿನದ್ದೂ ಉಂಟು” ಅಂದ. ಅವನ ಅಮ್ಮ ಗದರಿಸಿ ಕಳಿಸಿದರು.

ಸೋಮವಾರ ಹತ್ತೂವರೆಗೆ ಕ್ಲಿನಿಕ್ಕಿನಲ್ಲಿ ರಶ್ ಇರುವಾಗ ಅವನ ಫೋನು ಬಂತು. ಪಿಸುಗುಟ್ಟುತ್ತಿದ್ದ. “ಆಂಟಿ, ಸೆಕ್ಯುರಿಟಿಯವರು ಎರಡು ಸಲ ಬಂದರು. ಎಂತ ಆಗಿದೆ ನಿಂಗೆ ಅಂತ ಕೇಳ್ತಾ ಇದ್ದಾರೆ. ಏನು ಹೇಳಲಿ?”

“ತಲೆನೋವು ಅನ್ನು” ಅಂದೆ. “ನಿದ್ದೆ ಹೇಗೆ ಅಂತ ಯಾರಾದರೂ ಕೇಳ್ತಾರಾ ನೋಡು.”